ಅಜ್ಜಿಯ ಹನ್ನೊಂದು ನಿಮಿಷ

ಅವರು ಕೆಲಸಕ್ಕೆ ಸೇರಲು ಬಂದ ದಿನ ನಮ್ಮ ಕಾಲೇಜಿನ ವಾಚ್‌ಮನ್ ಅವರನ್ನು ಗೇಟಿನಿಂದ ಒಳಗೆ ಬಿಡಲಿಲ್ಲ. ಗುಂಗುರು ಕೂದಲು, ಕಪ್ಪು ಮೈಬಣ್ಣ ನೋಡಿ, ಆಫ್ರಿಕಾದಿಂದ ಓದಲು ಬಂದ ಯಾರೋ ಹುಡುಗಿ ದಾರಿ ತಪ್ಪಿದ್ದಾಳೆ ಎಂದು ತಿಳಿದ. ಸುಳ್ಯ ಪೇಟೆಯ ಕಡೆ ಕೈ ತೋರಿಸಿ, "ಮೆಡಿಕಲ್ ಕಾಲೇಜ್ ದಟ್ ಸೈಡ್, ದಟ್ ಸೈಡ್" ಎಂದ. ಅವರು ಬಗಲಲ್ಲಿದ್ದ ಫೈಲು ಬಿಚ್ಚಿ ನೇಮಕದ ಆದೇಶ ಹೊರತೆಗೆದರು.

"ಅಣ್ಣ, ನಾನು ಯಲ್ಲಾಪುರದ ಬದಿಯವ್ಳು. ಇಲ್ಲಿ ಲೈಬ್ರರಿ ಕೆಲ್ಸಕ್ಕೆ ಬಂದದ್ದು. ಪ್ರಿನ್ಸಿಪಾಲರ ರೂಮು ಎಲ್ಲಿ ಹೇಳಿ."

ವಾಚ್‌ಮನ್ ಎಷ್ಟು ನಾಚಿದನೆಂದರೆ, ನಿವೃತ್ತನಾಗುವವರೆಗೂ ಅವರನ್ನು ಕಂಡಾಗ ಎದ್ದು ನಿಲ್ಲುತ್ತಿದ್ದ. ಆ ಹೊತ್ತಿಗೆ ನಾನು ಆಟೋದಿಂದ ಇಳಿಯುತ್ತಿದ್ದೆ. ಅವರನ್ನು ಪ್ರಿನ್ಸಿಪಾಲರ ಕೋಣೆಗೆ ಕರೆದುಕೊಂಡು ಹೋದವಳು ನಾನೇ. ಅಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತಿದ್ದೆ, ಈಗಲೂ ಮಾಡುತ್ತಿದ್ದೇನೆ. ಉತ್ತರ ಕನ್ನಡದ ಕಾಡುಗಳಲ್ಲಿ ಸಿದ್ದಿಗಳೆಂಬ ಜನ ಇದ್ದಾರೆ, ಬಹಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಆಳುಗಳಾಗಿ ತಂದವರ ವಂಶದವರು ಅವರು ಎಂದು ಎಲ್ಲೋ ಓದಿದ್ದೆ. ಹತ್ತಿರದಿಂದ ನೋಡಿದ್ದು ಅದೇ ಮೊದಲು. ದಾರಿಯಲ್ಲಿ ನಾನು ಅವರನ್ನು ಕದ್ದು ಕದ್ದು ನೋಡುತ್ತಿದ್ದುದು ಅವರಿಗೆ ಗೊತ್ತಾಗಿರಲೇಬೇಕು. ಏನೂ ತೋರಿಸಿಕೊಳ್ಳಲಿಲ್ಲ. "ಅಕ್ಕೋರೆ, ನಿಮ್ಮ ಲೈಬ್ರರಿ ಸೋರ್ತದಾ?" ಎಂದಷ್ಟೇ ಕೇಳಿದರು. ಅವರ ಊರಿನ ಕಡೆ ಹೆಂಗಸು ಮೇಷ್ಟ್ರನ್ನು ಅಕ್ಕೋರು ಎನ್ನುತ್ತಾರೆ. ಕೊನೆಯವರೆಗೂ ನಾನು ಅವರಿಗೆ ಅಕ್ಕೋರೇ.

ಲೈಬ್ರರಿ ಸೋರುತ್ತಿತ್ತು. ಹಿಂದಿನ ಗೋಡೆಯ ಎರಡು ಕಪಾಟುಗಳಲ್ಲಿ ಮಳೆಗಾಲದಲ್ಲಿ ಪುಸ್ತಕಗಳು ಒಂದಕ್ಕೊಂದು ಅಂಟಿಕೊಂಡು ಇಟ್ಟಿಗೆಯಂತೆ ಆಗುತ್ತಿದ್ದವು. ಅವರು ಮೊದಲ ವರ್ಷವೇ ಆ ಕಪಾಟುಗಳನ್ನು ಗೋಡೆಯಿಂದ ಒಂದು ಮೊಳ ಮುಂದಕ್ಕೆ ಎಳೆಸಿದರು. ಮೈದಾ ಹಿಟ್ಟಿನ ಅಂಟು ಕುದಿಸಿ, ತೋಟಕ್ಕೆ ಹೊಡೆಯುವ ಮೈಲುತುತ್ತನ್ನು ಒಂದು ಚಿಟಿಕೆ ಅದಕ್ಕೆ ಹಾಕಿ, ಹರಿದ ಪುಸ್ತಕಗಳನ್ನು ಒಂದೊಂದಾಗಿ ಅಂಟಿಸುತ್ತಿದ್ದರು. ಯಾವ ಪುಸ್ತಕ ತೆಗೆದುಕೊಂಡರೂ ಮೊದಲು ಮೂಗಿನ ಹತ್ತಿರ ತಂದು ಮೂಸುವುದು ಅವರ ಅಭ್ಯಾಸ. ಮೂಸಿ, "ಇದು ಆಟಿ ತಿಂಗಳ ಮಳೆಯಲ್ಲಿ ಒದ್ದೆಯಾದದ್ದು", "ಇದನ್ನ ಯಾರೋ ಒಲೆ ಬುಡದಲ್ಲಿಟ್ಟು ಓದಿದ್ರು" ಎನ್ನುತ್ತಿದ್ದರು. ಹುಡುಗರು ಪುಸ್ತಕ ವಾಪಸು ಕೊಡುವಾಗ ತಾವೇ ಒಮ್ಮೆ ಮೂಸಿ ನೋಡಿ ಕೊಡುವಷ್ಟು ಹೆದರುತ್ತಿದ್ದರು.

ಎರಡು ವರ್ಷದಲ್ಲಿ ತುಳು ಕಲಿತರು, ಆಮೇಲೆ ನಮ್ಮ ಮನೆಮಾತು ಅರೆಭಾಷೆಯೂ ಅರ್ಧಂಬರ್ಧ ಬಂತು. ಆದರೆ ಅದು ಹೊಸಬರಿಗೆ ಗೊತ್ತಾಗಬೇಕಲ್ಲ. ಪುತ್ತೂರಿನಿಂದ ಬರುವ ಬಸ್ಸಿನಲ್ಲಿ ಕಂಡಕ್ಟರು ಅವರ ಹತ್ತಿರ ಬಂದಾಗ ತಡವರಿಸಿ ಇಂಗ್ಲಿಷ್ ಹುಡುಕುತ್ತಿದ್ದ. ಅವರು "ಸುಳ್ಯ ಒಂದು" ಎಂದ ಕೂಡಲೇ ಅಕ್ಕಪಕ್ಕದವರೆಲ್ಲ ತಿರುಗಿ ನೋಡುತ್ತಿದ್ದರು. ಒಮ್ಮೆ ನಾವಿಬ್ಬರೂ ಒಟ್ಟಿಗೆ ಬರುವಾಗ ಹಿಂದಿನ ಸೀಟಿನಲ್ಲಿ ಬೆಳ್ಳಾರೆಗೆ ಹೋಗುವ ಇಬ್ಬರು ಹೆಂಗಸರು ಅವರ ಕೂದಲಿನ ಬಗ್ಗೆ ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಎಣ್ಣೆ ಹಾಕುತ್ತಾಳೋ ಇಲ್ಲವೋ ಎಂಬುದು ಅವರ ಚರ್ಚೆ. ಇವರು ತಿರುಗಿ, "ಎಣ್ಣೆ ಪಾಡುವೆ ಅಕ್ಕಾ, ಆಂಡ ಉಂತುಜಿ" ಎಂದರು. ಹಾಕುತ್ತೇನೆ, ನಿಲ್ಲುವುದಿಲ್ಲ ಅಷ್ಟೇ. ಆ ಹೆಂಗಸರು ಆಮೇಲೆ ಇಳಿಯುವವರೆಗೆ ಅವರ ಜೊತೆ ಮಾತಾಡಿದ್ದೇ ಮಾತಾಡಿದ್ದು. ಇಳಿದು ಹೋದ ಮೇಲೆ ಇವರು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು.

"ಎಂತ, ತಲೆನೋವಾ?" ಕೇಳಿದೆ.

"ಅಲ್ಲ ಅಕ್ಕೋರೆ. ಪ್ರತಿ ಸಲ ಮೊದ್ಲಿಂದ ಶುರು ಮಾಡ್ಬೇಕು. ಸುಸ್ತಾಗ್ತದೆ."

ಕ್ರೀಡಾಕೂಟದ ದಿನ ಸಿಬ್ಬಂದಿಯ ಓಟಕ್ಕೆ ಅವರ ಹೆಸರನ್ನು ಕೇಳದೆಯೇ ಬರೆದಿರುತ್ತಿದ್ದರು. ಸಿದ್ದಿಗಳೆಂದರೆ ಓಡುವವರು ಎಂದು ಎಲ್ಲರಿಗೂ ಪೇಪರ್ ಓದಿ ಗೊತ್ತು. "ನಾನು ಓಡಿದ್ದು ಒಂದೇ ಸಲ. ಹಿಂದೆ ಕರಡಿ ಇತ್ತು" ಎಂದು ಅವರು ಕೊಡೆ ಬಿಚ್ಚಿ ಕುರ್ಚಿಯಲ್ಲಿ ಕೂರುತ್ತಿದ್ದರು. ಆಗಿದ್ದ ಪ್ರಿನ್ಸಿಪಾಲರು ಒಳ್ಳೆಯವರೇ. ಆದರೂ ಒಂದು ವರ್ಷ ರಾಜ್ಯೋತ್ಸವಕ್ಕೆ, "ಮೇಡಂ, ನಿಮ್ಮ ಜನರ ಡ್ಯಾನ್ಸ್ ಒಂದು ಮಾಡಿಸಿ. ಸೊಪ್ಪು ಗಿಪ್ಪು ಕಟ್ಟಿಕೊಂಡು ಚಂದ ಕಾಣ್ತದೆ" ಎಂದರು. ಅವರು ಮೆತ್ತಗೆ, "ಸರ್, ನಿಮ್ಮ ಮನೆ ಹೆಣ್ಣುಮಕ್ಕಳ ಶಾಸ್ತ್ರದ ಹಾಡನ್ನ ಸ್ಟೇಜ್ ಮೇಲೆ ಹೇಳಿಸ್ತೀರಾ?" ಎಂದು ಕೇಳಿದರು. ಪ್ರಿನ್ಸಿಪಾಲರು ನಕ್ಕು, ಆಮೇಲೆ ನಗು ನಿಲ್ಲಿಸಿ, ಆ ಮಾತು ಬಿಟ್ಟರು.

ನಾನೂ ಏನು ಕಮ್ಮಿಯಿರಲಿಲ್ಲ. ಪಠ್ಯದಲ್ಲಿ ಅಮೆರಿಕದ ಕಪ್ಪುಜನರ ಒಂದಷ್ಟು ಪದ್ಯ ಬಂದಾಗ, ಗುಲಾಮಗಿರಿಯ ಬಗ್ಗೆ ಮಾತಾಡಿ ಎಂದು ಅವರನ್ನು ಕ್ಲಾಸಿಗೆ ಕರೆದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಭಾವನೆ ನನ್ನಲ್ಲಿತ್ತು. ಅವರು ಬಂದು ಮೇಜಿನ ಪಕ್ಕ ನಿಂತರು. ಒಬ್ಬಳು ಹುಡುಗಿ ಎದ್ದು, "ಮೇಡಂ, ನಿಮ್ಮವರು ಆಫ್ರಿಕಾದ ಯಾವ ದೇಶದಿಂದ ಬಂದದ್ದು?" ಎಂದು ಕೇಳಿದಳು.

"ಗೊತ್ತಿಲ್ಲ" ಎಂದರು ಅವರು. "ಗೋವೆಯಲ್ಲಿ ಇಳ್ಸಿದ್ರು, ಅಲ್ಲಿಂದ ತಪ್ಪಿಸ್ಕಂಡು ಕಾಡಿಗೆ ಬಂದ್ರು ಅಂತ ಹೇಳ್ತಾರೆ. ಅದಕ್ಕಿಂತ ಹಿಂದಿನದ್ದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಹಡಗಿನವರು ಬರ್ಕಂಡಿರ್ಬೌದು. ಕುದುರೆ ಎಷ್ಟು, ಆಳು ಎಷ್ಟು ಅಂತ. ಹೆಸರು ಬರ್ದಿರ್ಲಿಕ್ಕಿಲ್ಲ."

ಹೊರಗೆ ಬಂದ ಮೇಲೆ ನಾನು ಕ್ಷಮೆ ಕೇಳಿದೆ. "ಅದೆಲ್ಲ ಬೇಡ ಅಕ್ಕೋರೆ. ಆದ್ರೆ ಆ ಹುಡ್ಗಿ ಕೇಳಿದ್ದು ಸರಿಯೇ. ನಾನೂ ಅದನ್ನೇ ಕೇಳ್ತಾ ಇದ್ದೇನೆ" ಎಂದರು.

ಅದಾಗಿ ಒಂದು ತಿಂಗಳಿಗೆ ಅವರು ನನ್ನನ್ನು ಲೈಬ್ರರಿಗೆ ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದರು. ನ್ಯೂಯಾರ್ಕ್ ನಗರದಲ್ಲಿ ಕಪ್ಪುಜನರ ಚರಿತ್ರೆಗೆ, ಅವರ ಬದುಕಿಗೆ ಸಂಬಂಧಪಟ್ಟದ್ದನ್ನೆಲ್ಲ ಕೂಡಿಡುವ ಒಂದು ಹಳೆಯ ಸಂಶೋಧನಾ ಗ್ರಂಥಾಲಯವಿದೆ. ಅದರ ಪುಟ ತೆರೆದಿತ್ತು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ವಾರಗಟ್ಟಲೆ ಓದಿದ್ದರಂತೆ.

"ಒಂದು ಕಪಾಟಲ್ಲ ಅಕ್ಕೋರೆ. ಇಡೀ ಕಟ್ಟಡ. ಪುಸ್ತಕ ಮಾತ್ರ ಅಲ್ಲ. ಸಾದಾ ಜನ ಬರ್ದ ಕಾಗದ, ಫೋಟೋ, ಹಾಡು, ಅಡುಗೆ ಬರ್ಕಂಡ ಚೀಟಿ, ಎಲ್ಲ. ಬಟ್ಟೆ ಒಗೆಯುವ ಹೆಂಗಸಿನ ಕಾಗದ ಸಹ ಪೆಟ್ಟಿಗೆಯಲ್ಲಿ ಹಾಕಿ ಇಟ್ಟಿದ್ದಾರೆ. ಅದನ್ನ ಓದೂಕೆ ದೊಡ್ಡ ದೊಡ್ಡ ವಿದ್ವಾಂಸರು ಬಂದು ಕೈ ತೊಳ್ಕಂಡು ಕೂರ್ತಾರಂತೆ."

"ನಿಮ್ಮವರ ಬಗ್ಗೆ ಎಂತಾದ್ರೂ ಉಂಟಾ ಅದರಲ್ಲಿ?"

"ಉಂಟು, ಸ್ವಲ್ಪ. ಹೊರಗಿನವರು ಬಂದು ನೋಡಿ ಬರ್ದದ್ದು. ನಮ್ಮವರದ್ದೇ ಅಂತ ಒಂದೂ ಇಲ್ಲ." ಆಮೇಲೆ, "ನನ್ನ ಹತ್ರ ಒಂದು ಉಂಟು" ಎಂದರು.

ಅವರಲ್ಲಿದ್ದದ್ದು ಒಂದು ಕ್ಯಾಸೆಟ್ಟು. ಕಾಲೇಜು ಓದುತ್ತಿದ್ದಾಗ ಮೇಷ್ಟ್ರೊಬ್ಬರ ಟೇಪ್‌ರೆಕಾರ್ಡರು ಎರವಲು ತಂದು ಅಜ್ಜಿಯ ಹಾಡನ್ನು ಹಿಡಿದಿದ್ದರು. ಹುಟ್ಟಿದ ಮಗುವಿಗೆ ಮೊದಲ ಸಲ ಬಿಸಿನೀರು ಹೊಯ್ಯುವಾಗ ಅಜ್ಜಿ ಹೇಳುತ್ತಿದ್ದ ಹಾಡು ಅದು. ಅದರ ಮಾತು ಕನ್ನಡವಲ್ಲ, ಅವರ ಮನೆಯಲ್ಲಾಡುವ ಕೊಂಕಣಿಯಲ್ಲ, ಮರಾಠಿಯೂ ಅಲ್ಲ. ಅರ್ಥ ಅಜ್ಜಿಗೂ ಗೊತ್ತಿರಲಿಲ್ಲ. ಅವಳ ಅಜ್ಜಿ ಹೇಳುತ್ತಿದ್ದಳು, ಇವಳು ಹೇಳಿದಳು. ಇವರ ತಾಯಿ ಮಾತ್ರ ಕಲಿಯಲಿಲ್ಲ. ಕೆಲಸಕ್ಕೆ ಹೋಗುವ ಮನೆಗಳಲ್ಲಿ ಆ ಹಾಡನ್ನು ಅಣಕಿಸುತ್ತಿದ್ದರಂತೆ, ನಾಚಿಕೆಯಿಂದ ಬಿಟ್ಟರು. ಅಜ್ಜಿ ಸತ್ತ ಮೇಲೆ ಅದೇ ತಾಯಿ ಆ ಕ್ಯಾಸೆಟ್ಟನ್ನು ದೇವರ ಹತ್ತಿರ ಇಟ್ಟುಕೊಂಡರು. ಹಿರಿಯರಿಗೆ ಎಡೆ ಇಡುವ ದಿನ ವರ್ಷಕ್ಕೊಮ್ಮೆ ಹಾಕಿ ಇಡೀ ಮನೆ ಕೂತು ಕೇಳುತ್ತಿತ್ತು.

ನಾವು ಕಾಗದ ಬರೆದೆವು. ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿಗೆ ಮಾಡಿ ನನ್ನ ಈಮೇಲಿನಿಂದ ಕಳಿಸುವುದು. ನನ್ನ ನಯವಾದ ವಾಕ್ಯಗಳು ಅವರಿಗೆ ಹಿಡಿಸುತ್ತಿರಲಿಲ್ಲ. ಒಂದು ಕಡೆ ನಾನು, ನಮ್ಮ ಮೂಲವನ್ನು ತಿಳಿಸಿಕೊಡಬೇಕಾಗಿ ವಿನಂತಿ ಎಂಬ ಅರ್ಥದಲ್ಲಿ ಬರೆದಿದ್ದೆ. ಹೊಡೆದು ಹಾಕಿಸಿದರು.

"ಹೀಗೆ ಬರೀರಿ. ನಾವು ಯಾರು ಅಂತ ನೀವು ಹೇಳ್ಬೇಕಾಗಿಲ್ಲ. ನಾವು ಸಿದ್ದಿಗಳು. ಈ ಹಾಡಿನ ಮಾತು ಯಾವ ಊರಿದು ಅಂತ ಹೇಳಿದ್ರೆ ಸಾಕು."

ಹದಿನೈದು ದಿನದಲ್ಲಿ ಉತ್ತರ ಬಂತು. ತಮ್ಮಲ್ಲಿಗೆ ಪೂರ್ವ ಆಫ್ರಿಕಾದ ಭಾಷೆಗಳನ್ನು ಬಲ್ಲ ವಿದ್ವಾಂಸರು ಬರುತ್ತಿರುತ್ತಾರೆ, ಧ್ವನಿಯ ಪ್ರತಿ ಕಳಿಸಿದರೆ ಅವರಿಗೆ ಕೇಳಿಸುತ್ತೇವೆ, ಕುಟುಂಬದ ಒಪ್ಪಿಗೆಯಿದ್ದರೆ ಅಜ್ಜಿಯ ಹೆಸರಿನಲ್ಲಿ ಇಲ್ಲಿ ಇಟ್ಟುಕೊಳ್ಳುತ್ತೇವೆ ಎಂದಿತ್ತು. ಅಜ್ಜಿಯ ಹೆಸರನ್ನು ಅವರು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆದಿದ್ದರು. ಇವರು ಆ ಹೆಸರಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದರು.

ಬೇಸಗೆ ರಜೆಗೆ ಊರಿಗೆ ಹೋಗಿ ಕ್ಯಾಸೆಟ್ಟು ತಂದರು. ತಾಯಿ ಕೊಡಲು ಒಪ್ಪಿರಲಿಲ್ಲವಂತೆ. ಎರಡು ದಿನ ಮಾತು ನಡೆದು, "ನಿನ್ನ ಕೈ ಬಿಟ್ಟು ಬೇರೆಯವರ ಕೈಗೆ ಹೋಗ್ಬಾರ್ದು" ಎಂದು ಆಣೆ ಹಾಕಿಸಿ ಕೊಟ್ಟರಂತೆ. ಒಂದು ಶನಿವಾರ ಮಧ್ಯಾಹ್ನ ಕಾಲೇಜು ಬಿಟ್ಟ ಮೇಲೆ ಲೈಬ್ರರಿಯ ಬಾಗಿಲು ಹಾಕಿ, ಭಾಷಾ ಪ್ರಯೋಗಾಲಯದ ಹಳೆಯ ಟೇಪ್‌ರೆಕಾರ್ಡರಿನಲ್ಲಿ ಅದನ್ನು ಹಾಕಿದರು. ಮೊದಲು ಕೋಳಿ ಕೂಗಿತು. ಯಾರನ್ನೋ ಗದರಿಸುವ ಮಾತು, ಕೆಮ್ಮು, ನೀರು ಹೊಯ್ಯುವ ಸದ್ದು. ಆಮೇಲೆ ಗಂಡಸಿನದೋ ಎನ್ನುವಷ್ಟು ಕೆಳಗಿನ ದನಿಯಲ್ಲಿ ಹಾಡು. ಹಾಡು ಎಂದರೆ ನಾನು ಕಾದಿದ್ದಂಥದ್ದಲ್ಲ. ಮಗುವಿಗೆ ನೀರು ಹೊಯ್ಯುತ್ತ ಅದಕ್ಕೆ ಒಂದೊಂದು ಮಾತನ್ನೂ ಬಿಡಿಸಿ ಹೇಳಿದ ಹಾಗೆ, ಮತ್ತೆ ಮತ್ತೆ. ಹನ್ನೊಂದು ನಿಮಿಷ. ಮುಗಿದಾಗ ಇವರ ತುಟಿ ಇನ್ನೂ ಅಲುಗುತ್ತಿತ್ತು.

ಇದನ್ನು ಕಂಪ್ಯೂಟರಿಗೆ ಹತ್ತಿಸಬೇಕಿತ್ತು. ಆಗ ನಮ್ಮಿಬ್ಬರ ಫೋನುಗಳೂ ಕರೆ ಮಾಡಲಿಕ್ಕಷ್ಟೇ ಆಗುವಂಥವು. ಪುತ್ತೂರಿನ ಅಂಗಡಿಯೊಂದರಲ್ಲಿ ಮಾಡಿಕೊಡುತ್ತಾರೆ ಎಂದು ಅವರು ವಿಚಾರಿಸಿ ಬಂದಿದ್ದರು, ಪಕ್ಕದಲ್ಲೇ ಕೂತು ಮಾಡಿಸಬೇಕೆಂದಿದ್ದರು. ನಾನು ತಡೆದೆ. ನನ್ನ ಅಕ್ಕನ ಮಗ ಮಂಗಳೂರಿನಲ್ಲಿ ಧ್ವನಿಮುದ್ರಣದ ಕೆಲಸ ಮಾಡುತ್ತಾನೆ, ಒಳ್ಳೆಯ ಯಂತ್ರಗಳಿವೆ.

"ಅಂಗಡಿಯವರ ಕೈಯಲ್ಲೆಲ್ಲ ಕೊಡ್ಬೇಡಿ ಮಾರಾಯ್ರೆ. ನಾನು ಮುಂದಿನ ವಾರ ಹೇಗೂ ಮಂಗಳೂರಿಗೆ ಹೋಗುದುಂಟು. ನಾನೇ ಮಾಡಿಸಿ ತರ್ತೇನೆ."

ಅವರು ತಕ್ಷಣ ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಮೂರನೇ ದಿನ ಹತ್ತಿಬಟ್ಟೆಯಲ್ಲಿ ಸುತ್ತಿ ತಂದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಮುಂದಿನ ವಾರ ನಾನು ಮಂಗಳೂರಿಗೆ ಹೋದದ್ದು ನಿಜ. ಮಗಳ ಮದುವೆಯ ಸೀರೆ ತೆಗೆಯಲಿಕ್ಕೆ ಹೋದೆವು, ಕ್ಯಾಸೆಟ್ಟು ಮನೆಯಲ್ಲಿ ಮರೆತುಹೋಯಿತು. ಆಮೇಲೆ ಮದುವೆ. ಆಮೇಲೆ ಪರೀಕ್ಷೆಯ ಪೇಪರು, ಕಾಲೇಜಿಗೆ ತಪಾಸಣೆಯ ತಂಡ. ಕ್ಯಾಸೆಟ್ಟು ನಮ್ಮ ಮನೆಯ ಬಚ್ಚಲುಕೋಣೆಯ ಗೋಡೆಗೆ ತಾಗಿಕೊಂಡ ಕಪಾಟಿನ ಕೆಳಗಿನ ಖಾನೆಯಲ್ಲಿ, ಮದುವೆ ಕಾಗದಗಳ ಕಟ್ಟಿನ ಅಡಿಯಲ್ಲಿತ್ತು. ಜೂನಿನಲ್ಲಿ ಅವರು ಕೇಳಿದರು, "ಅಕ್ಕೋರೆ, ಅದು ಆಯ್ತಾ?" ನನಗೆ ನಾಚಿಕೆಯಾಯಿತು. "ಕೊಟ್ಟಿದ್ದೇನೆ. ಅವನಿಗೆ ಸ್ವಲ್ಪ ಬಿಜಿ" ಎಂದುಬಿಟ್ಟೆ. ಆ ದಿನ ಸಂಜೆಯೇ ಹುಡುಕಿ ತೆಗೆದು ಕಳಿಸಿದ್ದರೆ ಸುಳ್ಳು ಸುಳ್ಳಾಗಿ ಉಳಿಯುತ್ತಿರಲಿಲ್ಲ. ಸುಳ್ಳು ಹೇಳಿದ ಮೇಲೆ ಮನಸ್ಸಿಗೆ ಒಂದು ನಿರಾಳ ಬರುತ್ತದೆ, ಕೆಲಸ ಮುಗಿದೇ ಹೋಯಿತು ಎನ್ನುವಂಥದ್ದು. ನನಗೆ ಅದು ಬಂತು. ಆಗಸ್ಟಿನಲ್ಲಿ ಮತ್ತೊಮ್ಮೆ ಕೇಳಿದರು, ಮತ್ತದೇ ಹೇಳಿದೆ. ಮೂರನೇ ಸಲ ಕೇಳಲಿಲ್ಲ. ಸಂಕೋಚದ ಹೆಂಗಸು.

ದೀಪಾವಳಿಗೆ ಮನೆ ಗುಡಿಸುವಾಗ ಅದು ಕೈಗೆ ಸಿಕ್ಕಿತು. ಸುತ್ತಿದ ಬಟ್ಟೆ ತಣ್ಣಗೆ ಅಂಟುತ್ತಿತ್ತು. ಬಿಚ್ಚಿದೆ. ಒಳಗಿನ ರೀಲಿನ ಮೇಲೆ ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬಿಳಿ ಬೂಷ್ಟು. ಮರುದಿನವೇ ಮಂಗಳೂರಿಗೆ ಒಯ್ದೆ. ಅಕ್ಕನ ಮಗ ಒಳ್ಳೆಯ ಕೆಲಸಗಾರ. ಎರಡು ದಿನ ಇಟ್ಟುಕೊಂಡು, ಒಣಗಿಸಿ, ಉಜ್ಜಿ, ಬೇರೆ ಡಬ್ಬಿಗೆ ಹಾಕಿ ನೋಡಿದ. ಪದರಗಳು ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ಕಂದು ಬಣ್ಣ ಸಿಪ್ಪೆಯಂತೆ ಏಳುತ್ತಿತ್ತು, ಬರಿಯ ಪ್ಲಾಸ್ಟಿಕ್ ಪಟ್ಟಿ ಉಳಿಯುತ್ತಿತ್ತು. ಕೊನೆಗೆ ಅವನು ಕೇಳಿಸಿದ್ದು ಒಂದು ಗುಯ್‌ಗುಟ್ಟುವಿಕೆ, ನಡುವೆ ನೀರಿನ ಸದ್ದು ಇದ್ದರೂ ಇರಬಹುದು.

"ಚಿಕ್ಕಮ್ಮ, ಬೇಸಗೆಯಲ್ಲಿ ತಂದಿದ್ರೆ ಆಗ್ತಿತ್ತು" ಎಂದ.

ಕಾಲೇಜು ತೆರೆದ ದಿನ ಲೈಬ್ರರಿಗೆ ಹೋದೆ. ಅವರು ಅಂಟಿನ ಬಟ್ಟಲು ಮುಂದಿಟ್ಟುಕೊಂಡು ಯಾವುದೋ ಪುಸ್ತಕದ ಬೆನ್ನು ಅಂಟಿಸುತ್ತಿದ್ದರು. ಮಂಗಳೂರಿನಲ್ಲಿ ಹಾಳಾಯಿತು ಎಂದು ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಡಬ್ಬಿ ಮೇಜಿನ ಮೇಲಿಟ್ಟು, "ಅವನ ಹತ್ರ ಇರುವಾಗ ಎಂತದೋ ಆಗಿ" ಎಂದು ಶುರುಮಾಡಿದೆ. ಅವರು ಕೈ ಒರೆಸಿಕೊಂಡು ಡಬ್ಬಿ ತೆಗೆದು ಮೂಗಿನ ಹತ್ತಿರ ಹಿಡಿದರು. ರೀಲನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು.

"ಇದು ಒಂದು ಮಳೆಗಾಲ ಪೂರ್ತಿ ಕೂತು ಬೆಳೆದ ಬೂಷ್ಟು, ಅಕ್ಕೋರೆ" ಎಂದರು. "ಎಲ್ಲಿಟ್ಟಿದ್ರಿ?"

ನಾನು ಹೇಳಿದೆ. ಕಪಾಟು, ಬಚ್ಚಲಿನ ಗೋಡೆ, ಜೂನಿನ ಸುಳ್ಳು, ಆಗಸ್ಟಿನ ಸುಳ್ಳು. ಅವರು ತಲೆಯೆತ್ತಲಿಲ್ಲ. "ಹ್ಞೂ" ಎಂದರು. ಡಬ್ಬಿಯನ್ನು ಅದೇ ಹತ್ತಿಬಟ್ಟೆಯಲ್ಲಿ ಸುತ್ತಿ ತಮ್ಮ ಕೈಚೀಲದಲ್ಲಿಟ್ಟುಕೊಂಡರು. ಅಂಟು ಆರಿ ಹೋಗುತ್ತದೆ ಎಂದು ಆ ಪುಸ್ತಕದ ಬೆನ್ನನ್ನು ಒತ್ತಿ ಹಿಡಿದು ಕೂತರು. ಅಳಲಿಲ್ಲ, ಬೈಯಲೂ ಇಲ್ಲ. ನಾನು ಅತ್ತೆ. ಅತ್ತು ಮುಗಿಯುವವರೆಗೆ ಕಾದು, "ನಿಮ್ಗೆ ಎರಡನೇ ಪೀರಿಯಡ್ ಕ್ಲಾಸ್ ಉಂಟಲ್ಲ" ಎಂದರು.

ಆಮೇಲೂ ನಾವು ಒಟ್ಟಿಗೇ ಊಟ ಮಾಡುತ್ತಿದ್ದೆವು. ಅವರ ಬುತ್ತಿಯ ಮೀನುಸಾರು ನನಗೆ, ನನ್ನ ಪತ್ರೊಡೆ ಅವರಿಗೆ. ನಗುತ್ತಿದ್ದರು, ಹುಡುಗರ ಸುದ್ದಿ ಹೇಳುತ್ತಿದ್ದರು. ಹೊರಗಿನವರು ಯಾರೂ ಏನೋ ಆಗಿದೆ ಎನ್ನುವ ಹಾಗಿರಲಿಲ್ಲ. ಆದರೆ ಮತ್ತೆಂದೂ ನನ್ನ ಕೈಗೆ ಏನನ್ನೂ ಕೊಡಲಿಲ್ಲ. ನಾನು ಓದಲು ಪುಸ್ತಕ ಕೇಳಿದರೂ, ತೆಗೆದು ಮೇಜಿನ ಮೇಲಿಡುತ್ತಿದ್ದರು, ನಾನು ಅಲ್ಲಿಂದ ತೆಗೆದುಕೊಳ್ಳಬೇಕು. ಬೇಕೆಂದು ಮಾಡುತ್ತಿದ್ದರೆಂದು ನನಗೆ ಅನಿಸುವುದಿಲ್ಲ. ಅವರ ಕೈಗೇ ಹಾಗೆ ಆಗಿಬಿಟ್ಟಿತ್ತು.

ತಮಗೆ ನೆನಪಿದ್ದಷ್ಟು ಬರೆಯಲು ನೋಡಿದರು. ಎರಡು ಸಾಲು ಸಿಕ್ಕಿತು. ಅದನ್ನು ಇಲ್ಲಿ ಬರೆಯಲು ನನಗೆ ಧೈರ್ಯವಿಲ್ಲ. ಅವರಿಗೇ ಸಂಶಯವಿತ್ತು, ಇಲ್ಲಿ ದೀರ್ಘವೋ ಹ್ರಸ್ವವೋ, ಅಲ್ಲಿ ಒಂದು ಅಕ್ಷರ ನುಂಗಿದೆಯೋ ಎಂದು. ದಸರಾ ರಜೆಯಲ್ಲಿ ಯಲ್ಲಾಪುರ, ಅಂಕೋಲೆಯ ಘಟ್ಟದ ಬದಿಯ ಸಿದ್ದಿಗಳ ಮನೆಮನೆಗೆ ನಡೆದು ಮುದುಕಿಯರನ್ನೆಲ್ಲ ಕೇಳಿ ಬಂದರು. ಮೂರು ವರ್ಷ ಹಾಗೆ ತಿರುಗಿದರು. ಒಂದೂರಿನಲ್ಲಿ ಒಬ್ಬಳು ಮುದುಕಿ ಅದೇ ಧಾಟಿಯಲ್ಲಿ ಹೇಳಿದಳಂತೆ. ಮಾತು ಮಾತ್ರ ಅಪ್ಪಟ ಕೊಂಕಣಿ, ಮಗುವೇ ಮಲಗು ಎಂದು.

"ರಾಗ ಉಂಟು ಅಕ್ಕೋರೆ, ಮಾತು ಹೋಯ್ತು" ಎಂದರು ಬಂದು.

ಆ ಎರಡು ಸಾಲುಗಳನ್ನೇ ನ್ಯೂಯಾರ್ಕಿಗೆ ಕಳಿಸಿದೆವು. ಕ್ಯಾಸೆಟ್ಟು ಏನಾಯಿತೆಂದು ನಾನು ಬರೆಯಲಿಲ್ಲ. ತಾಂತ್ರಿಕ ತೊಂದರೆಯಿಂದ ಧ್ವನಿ ಲಭ್ಯವಿಲ್ಲ ಎಂದು ಬರೆದೆ. ಅವರು ಓದಿ, ಕಳಿಸಿ ಎಂದು ತಲೆಯಾಡಿಸಿದರು. ಉತ್ತರ ಈ ಸಲ ತಡವಾಗಿ ಬಂತು. ವಿದ್ವಾಂಸರೊಬ್ಬರಿಗೆ ತೋರಿಸಿದೆವು, ಇಷ್ಟು ಚಿಕ್ಕ ತುಣುಕಿನಿಂದ ಯಾವ ಭಾಷೆಯೆಂದು ಹೇಳಲಾಗದು, ಆಫ್ರಿಕಾದ ಪೂರ್ವ ಕರಾವಳಿಯುದ್ದದ ನಾಲ್ಕೈದು ಭಾಷೆಗಳಲ್ಲಿ ಯಾವುದಾದರೂ ಇರಬಹುದು, ದನಿ ಕೇಳಿದ್ದರೆ ಬಹುಶಃ ತಿಳಿಯುತ್ತಿತ್ತು ಎಂದಿತ್ತು. ಅವರು ಅದನ್ನು ಮುದ್ರಿಸಿ ತೆಗೆದು ಮಡಚಿ ಇಟ್ಟುಕೊಂಡರು. ಆ ಕಂಪ್ಯೂಟರಿನಲ್ಲಿ ಆ ಗ್ರಂಥಾಲಯದ ಪುಟವನ್ನು ತೆರೆದದ್ದನ್ನು ಆಮೇಲೆ ನಾನು ನೋಡಲಿಲ್ಲ.

ಹೋದ ವರ್ಷ ಅವರಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಗುವಾಗ ತಡವಾಗಿತ್ತು. ಮಂಗಳೂರಿನ ಆಸ್ಪತ್ರೆಯಲ್ಲಿ ನೋಡಲು ಹೋದೆ. ಗುಂಗುರು ಕೂದಲೆಲ್ಲ ಹೋಗಿತ್ತು. "ಬಸ್ಸಲ್ಲಿ ಈಗ ಯಾರೂ ನೋಡೂದಿಲ್ಲ" ಎಂದರು. ನಾನು ಕ್ಯಾಸೆಟ್ಟಿನ ಮಾತೆತ್ತಿದೆ. ಅವರು ಕೈಯಾಡಿಸಿ ಬೇಡವೆಂದರು. ಹಿಂದಿನ ಗೋಡೆಯ ಕಪಾಟುಗಳನ್ನು ಯಾರೂ ಗೋಡೆಗೆ ಒತ್ತಿಡದ ಹಾಗೆ ನೋಡಿಕೊಳ್ಳಿ ಎಂದು ಹೇಳಿದರು. ಅಲ್ಲಿಂದ ಊರಿಗೆ ಕರೆದುಕೊಂಡು ಹೋದರು. ಮೂರು ವಾರಕ್ಕೆ ತೀರಿಕೊಂಡರು.

ಎರಡು ಬಸ್ಸು ಬದಲಾಯಿಸಿ, ಮಣ್ಣುದಾರಿಯಲ್ಲಿ ನಡೆದು ಅವರ ಮನೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಅವರ ತಮ್ಮ ಚಹಾ ತಂದುಕೊಟ್ಟರು. ಒಳಗೆ ಗೋಡೆಗೊರಗಿ ಕೂತಿದ್ದ ಮುದುಕಿ ಅವರ ತಾಯಿ. ನನ್ನ ಕಡೆ ನೋಡಿ ಕೊಂಕಣಿಯಲ್ಲಿ ಏನೋ ಹೇಳಿದರು, ನೀವು ಯಾರು ಎಂದಿರಬೇಕು. ತಮ್ಮ ಉತ್ತರಿಸಿದರು. ಮುದುಕಿ ಮತ್ತೆ ಸ್ವಲ್ಪ ಉದ್ದ ಹೇಳಿದರು. ತಮ್ಮ ಮುಜುಗರಪಟ್ಟರು.

"ಅವ್ವ ಎಂತ ಹೇಳಿದ್ರು?"

"ಎಂತಿಲ್ಲ ಅಕ್ಕೋರೆ, ದುಃಖದಲ್ಲಿ ಹೇಳ್ತಾಳೆ." ಆಮೇಲೆ ತಡೆಯಲಾರದೆ, "ಅಜ್ಜಿ ಹಾಡಿನ ಒಂದು ಕ್ಯಾಸೆಟ್ಟಿತ್ತು. ಅಕ್ಕ ಅಲ್ಲಿಗೆ ತಗಂಡ್ಹೋಗಿ, ಮಳೆಗಾಲದಲ್ಲಿ ಎಲ್ಲೋ ಇಟ್ಟು ಮರ್ತು ಹಾಳು ಮಾಡ್ಕಂಡ್ಲು. ಅವ್ವಂಗೆ ಆಣೆ ಮಾಡಿ ತಗಂಡ್ಹೋಗಿದ್ದು. ಅಜ್ಜಿನ ಎರಡನೇ ಸಲ ಸಾಯಿಸ್ದೆ ಅಂತ ಅವ್ವ ಅವಳ ಹತ್ರ ಮಾತು ಬಿಟ್ಟಿದ್ಲು. ಎಂಟು ವರ್ಷ. ಮೊನ್ನೆ ಕರ್ಕಂಡು ಬಂದಾಗ ಸಹ ಮಾತಾಡ್ಲಿಲ್ಲ" ಎಂದರು.

"ಅಕ್ಕ ಹಾಗೆ ಹೇಳಿದ್ರಾ? ತಾನೇ ಮರ್ತದ್ದು ಅಂತ?"

"ಹೌದು. ನನ್ನ ಕೈಯಿಂದಲೇ ಆದದ್ದು ಅಂತ ಹೇಳಿದ್ಲು."

ಎಂಟು ವರ್ಷ ನನ್ನೊಂದಿಗೆ ಬುತ್ತಿ ಹಂಚಿಕೊಂಡು ತಿಂದವರು ಈ ಮಾತನ್ನು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಅಲ್ಲಿಯೇ, ಆ ಮುದುಕಿಯ ಮುಂದೆ ಕೂತು ಹೇಳಬೇಕಿತ್ತು. ನನ್ನ ಬಾಯಿಗೆ ಮಾತು ಬಂತು. ಬಂದದ್ದು ಹಾಗೇ ನಿಂತಿತು. ಚಹಾ ಕುಡಿದೆ. ಕೊನೆಯ ಬಸ್ಸು ತಪ್ಪುತ್ತದೆ ಎಂದು ಎದ್ದು ಬಂದೆ.

ಈ ಮಾರ್ಚಿನಲ್ಲಿ ನ್ಯೂಯಾರ್ಕಿನಿಂದ ನನಗೊಂದು ಈಮೇಲು ಬಂತು. ಹೊಸದಾಗಿ ಸೇರಿದ ಯಾರೋ ಹಳೆಯ ಪತ್ರಗಳನ್ನು ಓದುವಾಗ ನಮ್ಮದು ಸಿಕ್ಕಿತಂತೆ. ಹಿಂದೂ ಮಹಾಸಾಗರ ದಾಟಿ ಬಂದ ಆಫ್ರಿಕಾದವರ ಹಾಡುಗಳ ಮೇಲೆ ಕೆಲಸ ಮಾಡುವ ವಿದ್ವಾಂಸರೊಬ್ಬರು ಈಗ ಅಲ್ಲಿದ್ದಾರೆ, ಆ ಧ್ವನಿಮುದ್ರಣ ಈಗಲಾದರೂ ಸರಿಹೋಗಿದೆಯೇ, ಕೇಳಲು ಬಹಳ ಆಸೆಯಿದೆ ಎಂದಿತ್ತು. ನಾಲ್ಕು ದಿನ ಉತ್ತರ ಬರೆಯಲಿಲ್ಲ. ಐದನೇ ದಿನ ಕೂತು ನಡೆದದ್ದನ್ನೆಲ್ಲ ಬರೆದೆ. ತಾಂತ್ರಿಕ ತೊಂದರೆಯಲ್ಲ, ನಾನು ಎಂದು ಬರೆದೆ. ಅವರು ತೀರಿಕೊಂಡದ್ದನ್ನೂ ಬರೆದೆ. ಅಲ್ಲಿಂದ ಸಭ್ಯವಾದ ಉತ್ತರ ಬಂತು. ನಿಮ್ಮ ಈ ಪತ್ರವನ್ನೂ ಹಿಂದಿನವುಗಳ ಜೊತೆ ಸೇರಿಸಿ ಇಡುತ್ತೇವೆ, ಮುಂದೆ ಬಂದು ಕೇಳುವವರಿಗೆ ತೋರಿಸುತ್ತೇವೆ ಎಂದು.

ಯಾರೋ ಅಪರಿಚಿತರಿಗೆ ಹೇಳಿದ್ದನ್ನು ಅವರ ಮನೆಯವರಿಗೆ ಹೇಳದೆ ಇರಲಾಗಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅವರ ತಮ್ಮನಿಗೆ ಫೋನು ಮಾಡಿದೆ. ಅಜ್ಜಿಯ ಹೆಸರಿನ ಕಾಗದಗಳು ಅಮೆರಿಕದ ದೊಡ್ಡ ಲೈಬ್ರರಿಯಲ್ಲಿವೆ ಎಂಬಲ್ಲಿಂದ ಶುರುಮಾಡಿದೆ.

"ಹೌದಾ? ಅಜ್ಜಿ ದನಿ ಕೇಳ್ತದಾ ಅಲ್ಲಿ?"

"ಇಲ್ಲ. ಕಾಗದ ಮಾತ್ರ."

"ಹಂಗಾರೆ ಕಾಗದದಲ್ಲಿ ಎಂತ ಉಂಟು?"

ಆಗ ಹೇಳಿದೆ. ಮಧ್ಯೆ ನಿಲ್ಲಿಸಿದರೆ ಮುಂದೆ ಹೇಳಲಾರೆ ಎಂದು ಒಂದೇ ಉಸಿರಿಗೆ ಹೇಳಿದೆ. ಕ್ಯಾಸೆಟ್ಟು ಅಕ್ಕ ಮರೆತದ್ದಲ್ಲ, ನನ್ನ ಮನೆಯಲ್ಲಿ ನಾನು ಮರೆತದ್ದು, ಎರಡು ಸಲ ಸುಳ್ಳು ಹೇಳಿದ್ದು, ಆ ದಿನ ನಿಮ್ಮ ಮನೆಯಲ್ಲಿ ಕೂತು ಬಾಯಿ ಮುಚ್ಚಿಕೊಂಡದ್ದು. ಲೈನು ಹೋಯಿತೋ ಎಂದು ನಾನು ಎರಡು ಸಲ ಹಲೋ ಎಂದೆ.

"ಇದನ್ನ ನೀವು ಅವ್ವಂಗೆ ಹೇಳ್ಬೇಕಿತ್ತು" ಎಂದರು ಅವರು.

"ಈಗ ಹೇಳ್ತೇನೆ. ಅವರಿಗೆ ಫೋನು ಕೊಡಿ. ನೀವೇ ಕೊಂಕಣಿಯಲ್ಲಿ ಮಾಡಿ ಹೇಳಿ."

"ಅವ್ವ ಹೋಗಿ ಎರಡು ತಿಂಗಳಾಯ್ತು, ಅಕ್ಕೋರೆ."